ನಾಲ್ಕು ದನಿ, ಒಂದೇ ಗಾನ

ಕ್ರಿಸ್‌ಮಸ್ ಸಮೀಪಿಸಿದಂತೆ ಕಾಯ್ಕಿಣಿಯಿಂದ ಕುಮಟಾದವರೆಗೆ ನಮ್ಮ ಕರಾವಳಿಯ ದೇವಾಲಯಗಳಲ್ಲಿ ಗಾಯನ ವೃಂದದ ಅಭ್ಯಾಸ ಆರಂಭವಾಗುತ್ತದೆ. ಅಂಥ ಒಂದು ಸಂಜೆ ಯುವಕನೊಬ್ಬ ಕೇಳಿದ: "ಫಾದರ್, ಕೀಬೋರ್ಡಿನ ಗುಂಡಿ ಒತ್ತಿದರೆ ತಾಳವೂ ಬರುತ್ತದೆ, ಹಿಮ್ಮೇಳವೂ ಬರುತ್ತದೆ. ನಾಲ್ಕು ದನಿಗಳನ್ನು ಕಷ್ಟಪಟ್ಟು ಕಲಿಯುವುದೇಕೆ?" ಪ್ರಶ್ನೆ ಸಹಜವಾದುದೇ. ಉತ್ತರಕ್ಕಾಗಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಮೂಲಾಂಶಗಳನ್ನೂ ಅದು ನಡೆದುಬಂದ ದಾರಿಯನ್ನೂ ತುಸು ಅರಿಯಬೇಕು.

ಆ ಸಂಗೀತದ ಮುಖ್ಯ ಅಂಶಗಳು ಮೂರು: ರಾಗಧಾಟಿ, ಲಯ ಮತ್ತು ಸ್ವರಮೇಳ. ಯಕ್ಷಗಾನದ ಭಾಗವತಿಕೆಯನ್ನು ಕೇಳಿ ಬೆಳೆದ ನಮಗೆ ಮೊದಲೆರಡು ಹೊಸತಲ್ಲ. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಿಡಿದರೆ ಪಂಚಮ. ಗ್ರೀಕ್ ತತ್ವಜ್ಞಾನಿ ಪೈಥಾಗೊರಸನ ಹೆಸರಿನೊಡನೆ ಬಂದಿರುವ ಈ ನಿಯಮ ಎರಡೂ ಪರಂಪರೆಗಳಿಗೆ ಸಮಾನ. ಮೂರನೆಯದಾದ ಸ್ವರಮೇಳವೇ ಅವರ ವಿಶೇಷ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ದನಿಗಳು ಏಕಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಹಾಡುತ್ತವೆ. ಕಿವಿಗೆ ಬೀಳುವ ಗಾನ ಮಾತ್ರ ಒಂದೇ. ರಂಪಣಿ ಬಲೆಯನ್ನು ಎಳೆಯುವವರು ಹಲವರು, ದಡ ಸೇರುವ ಬಲೆ ಒಂದು.

ಈ ಸಂಗೀತದ ಬೇರು ಧರ್ಮಸಭೆಯ ಪ್ರಾರ್ಥನೆಯಲ್ಲಿದೆ. ಮಧ್ಯಯುಗದ ಗ್ರೆಗೋರಿಯನ್ ಗಾನಕ್ಕೆ ಒಂದೇ ದನಿ, ತಾಳದ ಕಟ್ಟಿಲ್ಲ. 11ನೇ ಶತಮಾನದಲ್ಲಿ ಗ್ವಿದೋ ಎಂಬ ಸನ್ಯಾಸಿ ಸ್ನಾನಿಕ ಯೊವಾನ್ನರ ಸ್ತೋತ್ರವೊಂದರ ಸಾಲುಗಳ ಮೊದಲ ಅಕ್ಷರಗಳಿಂದ ಸ್ವರಗಳಿಗೆ ಹೆಸರಿಟ್ಟನು. ನವೋದಯ ಕಾಲದಲ್ಲಿ ದನಿಗಳು ಹೆಚ್ಚಿದವು. ರೋಮಿನ ಪಾಲೆಸ್ಟ್ರೀನಾ ಹಲವು ದನಿಗಳ ನಡುವೆಯೂ ಪ್ರಾರ್ಥನೆಯ ಮಾತು ಸ್ಪಷ್ಟವಾಗಿ ಕೇಳುವಂತೆ ಬರೆದನು. ಸುಮಾರು 1600ರಿಂದ 1750ರವರೆಗಿನದು ಬರೋಕ್ ಯುಗ. ಬಾಖ್ ತನ್ನ ಅನೇಕ ಕೃತಿಗಳ ಕೊನೆಯಲ್ಲಿ 'ದೇವರಿಗೆ ಮಾತ್ರ ಮಹಿಮೆ' ಎಂಬರ್ಥದ ಮೂರು ಅಕ್ಷರಗಳನ್ನು ಬರೆಯುತ್ತಿದ್ದನು. ಅನಂತರದ್ದು ಹೈಡನ್, ಮೊಜಾರ್ಟರ ಕ್ಲಾಸಿಕಲ್ ಯುಗ. ಅಲ್ಲಿ ಪ್ರಮಾಣಬದ್ಧತೆಯೇ ಸೌಂದರ್ಯ. ಬೀಥೋವನ್ ಅದನ್ನು ಭಾವಪ್ರಧಾನವಾದ ರೊಮ್ಯಾಂಟಿಕ್ ಯುಗದೆಡೆಗೆ ಒಯ್ದನು. 20ನೇ ಶತಮಾನದಲ್ಲಿ ಹಳೆಯ ಸ್ವರಕಟ್ಟುಗಳೇ ಸಡಿಲಗೊಂಡವು.

ಇದು ಪರಕೀಯರ ಸೊತ್ತೆಂದು ತಿಳಿಯಬೇಕಾಗಿಲ್ಲ. 1940ರಲ್ಲಿ ಮೈಸೂರಿನ ಸಿಂಹಾಸನವೇರಿದ ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದರು. ಆತ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದನು. 1950ರಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದುದೂ ಅವರ ನೆರವಿನಿಂದ. ಅದೇ ಅರಸರು 94 ಕರ್ನಾಟಕ ಕೃತಿಗಳನ್ನೂ ರಚಿಸಿದರು. ಒಂದನ್ನು ಅಪ್ಪಿಕೊಳ್ಳಲು ಇನ್ನೊಂದನ್ನು ಬಿಡಬೇಕಾಗಲಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಗ್ರೆಗೋರಿಯನ್ ಗಾನಕ್ಕೆ ಹಿರಿಮೆ ನೀಡಿದಾಗಲೂ ಆಯಾ ನಾಡಿನ ಸಂಗೀತವನ್ನು ಗೌರವಿಸಬೇಕೆಂದು ಹೇಳಿತು.

ಇನ್ನು ಯುವಕನ ಪ್ರಶ್ನೆಗೆ ಬರೋಣ. 'ಸೈಲೆಂಟ್ ನೈಟ್' ಗೀತೆಯ ಪದಗಳನ್ನು ಬರೆದವರು ಆಸ್ಟ್ರಿಯದ ಗುರು ಯೋಸೆಫ್ ಮೋರ್. ರಾಗ ಹಾಕಿದವರು ಶಾಲಾ ಶಿಕ್ಷಕ ಗ್ರೂಬರ್. 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅವರಿಬ್ಬರೂ ಒಂದು ಗಿಟಾರಿನೊಡನೆ ಎರಡು ದನಿಗಳಲ್ಲಿ ಅದನ್ನು ಹಾಡಿದರು. ದೊಡ್ಡ ವಾದ್ಯ ಬೇಕಾಗಲಿಲ್ಲ. ಒಬ್ಬರಿಗೊಬ್ಬರು ಕಿವಿಗೊಟ್ಟರೆ ಸಾಕಾಯಿತು.

ಯಂತ್ರ ನಾದವನ್ನು ಕೊಟ್ಟೀತು. ಪಕ್ಕದವನ ದನಿಗೆ ಕಿವಿಗೊಡುವ ವಿನಯವನ್ನು ಕೊಡದು. ಆಲ್ಟೊ ಹಾಡುವವಳು ತನ್ನ ದನಿಯನ್ನು ಮೆರೆಸಿದರೆ ಗಾನ ಕೆಡುತ್ತದೆ, ಸುಮ್ಮನಾದರೆ ಬರಿದಾಗುತ್ತದೆ. ಕುಟುಂಬದ ಬಾಳುವೆಯೂ ಹೀಗೆಯೇ ಅಲ್ಲವೇ? ತಂದೆತಾಯಂದಿರೇ, ದೇವಾಲಯದ ಕಪಾಟಿನಲ್ಲಿ ಗೆದ್ದಲಿಗೆ ಈಡಾಗುತ್ತಿರುವ ಹಳೆಯ ಸ್ವರಲಿಪಿ ಪುಸ್ತಕಗಳನ್ನು ಹೊರತೆಗೆಯಿಸಿರಿ. ಅವನ್ನು ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಮಕ್ಕಳನ್ನು ಅವರ ಬಳಿ ಕಳುಹಿಸಿರಿ. ಈ ಕ್ರಿಸ್‌ಮಸ್‌ಗೆ ಒಂದೇ ಒಂದು ಗೀತೆಯನ್ನಾದರೂ ನಾಲ್ಕು ದನಿಗಳಲ್ಲಿ ಹಾಡೋಣ.