ದೀಪವಿಲ್ಲದ ಊರಿಗೆ ಪಾಠದ ಪೆಟ್ಟಿಗೆ

ನಾರಾಯಣಗೂಡದ ನಮ್ಮ ಮನೆಗಳಲ್ಲಿ ಅರ್ಧ ಗಂಟೆ ವಿದ್ಯುತ್ತು ಹೋದರೆ ಸಾಕು, ಎಲ್ಲರೂ ಬಾಗಿಲಿಗೆ ಬಂದು ಗೊಣಗುತ್ತೇವೆ. ಮಕ್ಕಳಂತೂ 'ನೆಟ್ ಇಲ್ಲದೆ ಓದುವುದು ಹೇಗೆ?' ಎಂದು ಪುಸ್ತಕ ಮಡಿಸಿಬಿಡುತ್ತಾರೆ. ಈ ಪ್ರಶ್ನೆ ನಮ್ಮ ಮಕ್ಕಳಿಗೆ ಅರ್ಧ ಗಂಟೆಯದು. ಊರಕಡೆಯ ಅನೇಕ ಮಕ್ಕಳಿಗೆ ಅದು ದಿನನಿತ್ಯದ್ದು.

2020ರ ಮಳೆಗಾಲದ ಮಾತು. ಕೊರೋನಾದಿಂದ ಶಾಲೆಗಳೆಲ್ಲ ಮುಚ್ಚಿದ್ದುವು. ರಾಯಚೂರು ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್ ಫೋನು. ಬೆಳಗಾದರೆ ಅದು ಯಜಮಾನರ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಸಂಜೆ ಮರಳಿದ ಮೇಲೆ, ಹತ್ತನೆಯ ತರಗತಿಯ ಹಿರಿಯ ಹುಡುಗನಿಗೆ ಮೊದಲ ಸರದಿ. ಗಾಳಿ ಬೀಸಿದರೆ ದೀಪವೂ ಇಲ್ಲ, ಸಿಗ್ನಲ್ಲೂ ಇಲ್ಲ. ಕಿರಿಯ ಹುಡುಗಿಯ ಸರದಿ ಬರಲೇ ಇಲ್ಲವೆನ್ನಬೇಕು. ನಾವು ಇಲ್ಲಿಂದ ಮಾತನಾಡಿಸಿ 'ಓದುತ್ತಿದ್ದೀಯಾ ಮಗು?' ಎಂದರೆ ಅವಳು 'ಹೂಂ' ಎನ್ನುತ್ತಿದ್ದಳು. ಮರುವರ್ಷ ಊರಿಗೆ ಹೋದಾಗ ತಿಳಿಯಿತು, ಅವಳಿಗೆ ಭಾಗಾಕಾರವೇ ಮರೆತುಹೋಗಿತ್ತು.

ಸರ್ಕಾರ ಸುಮ್ಮನಿತ್ತೆಂದಲ್ಲ. ಆ ವರ್ಷ ಚಂದನ ದೂರದರ್ಶನದಲ್ಲಿ ಪಾಠಗಳು ಬಂದುವು. ಆಗಸ್ಟಿನಲ್ಲಿ 'ವಿದ್ಯಾಗಮ' ಆರಂಭವಾಯಿತು. ಫೋನು ಇಲ್ಲದವರು, ನೆಟ್ ಇಲ್ಲದ ಫೋನಿನವರು, ಎರಡೂ ಉಳ್ಳವರು ಎಂದು ಮಕ್ಕಳನ್ನು ವಿಂಗಡಿಸಿ, ಉಪಾಧ್ಯಾಯರೇ ಗುಡಿಯ ಅಂಗಳಕ್ಕೂ ಮರದ ಕಟ್ಟೆಗೂ ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೂ ಅದು ಹಿಡಿದ ದಾರಿ ಸರಿಯಾದುದೆಂದೇ ನಮಗೆ ತೋರುತ್ತದೆ. ಮಗು ಪಾಠದ ಬಳಿಗೆ ಬರಲಾರದಿದ್ದರೆ ಪಾಠವೇ ಮಗುವಿನ ಬಳಿಗೆ ಹೋಗಬೇಕಷ್ಟೆ.

ಇದು ನಮ್ಮ ಸೀಮೆಗೆ ಹೊಸದೂ ಅಲ್ಲ. 1956ರವರೆಗೆ ಈ ಹೈದರಾಬಾದು ರಾಜ್ಯಕ್ಕೇ ಸೇರಿದ್ದ ಗುಲ್ಬರ್ಗ, ರಾಯಚೂರು ಜಿಲ್ಲೆಗಳೂ ನೆರೆಯ ಬಿಜಾಪುರವೂ 1975ರ ಆಗಸ್ಟಿನಿಂದ ಒಂದು ವರ್ಷ 'ಸೈಟ್' ಎಂಬ ಪ್ರಯೋಗದಲ್ಲಿದ್ದುವು. ಅಮೆರಿಕದಿಂದ ಎರವಲು ಪಡೆದ ಉಪಗ್ರಹವೊಂದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪಾಠ ಕಳುಹಿಸಿತು. ಬೆಳಗ್ಗೆ ಮಕ್ಕಳಿಗೆ, ಸಂಜೆ ಹಿರಿಯರಿಗೆ. ನಮ್ಮ ಜಿಲ್ಲೆಗಳಲ್ಲಿ ಕನ್ನಡದಲ್ಲಿಯೇ. ಆದರೆ ಎರವಲಿನ ಒಡವೆ ಎಷ್ಟು ದಿನ? 1976ರ ಜುಲೈ ಮುಗಿಯುತ್ತಲೇ ಉಪಗ್ರಹದ ಪಾಠವೂ ಮುಗಿಯಿತು. ಮೇಲಿನಿಂದ ಬರುವುದು ನಿಂತರೂ ಊರಿನಲ್ಲಿ ಏನಾದರೂ ಉಳಿಯಬೇಕೆಂಬುದು ಅದರಿಂದ ಕಲಿಯತಕ್ಕ ಮಾತು.

ಇಂದು ಅದು ಸಾಧ್ಯವಾಗಿದೆ. 2012ರಲ್ಲಿ ಬಂದ 'ರಾಸ್ಪ್‌ಬೆರಿ ಪೈ' ಎಂಬ ಕಂಪ್ಯೂಟರು ಇಸ್ಪೀಟಿನ ಎಲೆಯಷ್ಟು ಅಗಲ. ಅದರಲ್ಲಿ ಪಾಠಗಳನ್ನು ತುಂಬಿಟ್ಟರೆ ತಾನೇ ಒಂದು ಚಿಕ್ಕ ವೈಫೈ ಹಬ್ಬಿಸುತ್ತದೆ. ಕೋಣೆಯಲ್ಲಿರುವ ಫೋನುಗಳೆಲ್ಲ ನೆಟ್ ಇಲ್ಲದೆಯೇ ಅದರಿಂದ ಓದಿಕೊಳ್ಳುತ್ತವೆ. ಅದಕ್ಕೆ ಬೇಕಾದದ್ದು ಸುಮಾರು 5 ವ್ಯಾಟ್. ನಾಲ್ಕು ಗಂಟೆಯ ಪಾಠಕ್ಕೆ ತಗಲುವ ವಿದ್ಯುತ್ತನ್ನು ನಮ್ಮ ಮನೆಯ 75 ವ್ಯಾಟಿನ ಫ್ಯಾನು ಕಾಲು ಗಂಟೆಯಲ್ಲಿ ನುಂಗುತ್ತದೆ! ಒಂದು ಸಣ್ಣ ಸೌರಫಲಕ, ಒಂದು ಬ್ಯಾಟರಿ ಇದ್ದರೆ ಸಾಕು. ಒಳಗೆ ತುಂಬುವುದೇನು ಎನ್ನುವಿರಾ? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೇ ಇದೆ. 'ಕಿವಿಕ್ಸ್' ಎಂಬ ಉಚಿತ ತಂತ್ರಾಂಶದಿಂದ ಅದನ್ನು ಪೂರ್ತಿಯಾಗಿ ಇಳಿಸಿ ಇಟ್ಟುಕೊಳ್ಳಬಹುದು.

ಬೆಳಕಿಗೂ ಇಂಥ ಉಪಾಯವುಂಟು. ಹರೀಶ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋದ ಬಳಗದವರು ಶಾಲೆಯ ಮೇಲೆ ಸೌರಫಲಕ ಹಾಕಿ, ಮಕ್ಕಳ ಕೈಗೆ ಚಿಕ್ಕ ಬ್ಯಾಟರಿ ಕೊಟ್ಟರು. ಹಗಲು ಶಾಲೆಯಲ್ಲಿ ಅದು ತುಂಬಿಕೊಳ್ಳುತ್ತದೆ, ರಾತ್ರಿ ಮನೆಯಲ್ಲಿ ದೀಪವಾಗುತ್ತದೆ. ಶಾಲೆ ತಪ್ಪಿಸಿದರೆ ಆ ರಾತ್ರಿ ಕತ್ತಲೆ!

ನಾವೇನು ಮಾಡಬಹುದು? ನಮ್ಮ ಒಂದೊಂದು ಮನೆಯ ಕಪಾಟಿನಲ್ಲಿಯೂ ಹಳೆಯ ಫೋನೊಂದು ಮಲಗಿದೆಯಷ್ಟೆ. 2017ರಲ್ಲಿ ಬಂದ 'ದೀಕ್ಷಾ' ಆಪಿನಲ್ಲಿ ಕರ್ನಾಟಕದ ಪಠ್ಯಪುಸ್ತಕಗಳ ಪಾಠಗಳಿವೆ. ಇಲ್ಲಿಯ ನೆಟ್‌ನಲ್ಲಿ ಅವನ್ನು ಇಳಿಸಿ, ಕನ್ನಡ ವಿಕಿಪೀಡಿಯವನ್ನೂ ಸೇರಿಸಿ, ಹಬ್ಬಕ್ಕೆ ಊರಿಗೆ ಹೋಗುವಾಗ ಬಟ್ಟೆಬರೆಯ ಜೊತೆಗೆ ಒಯ್ದರೆ ಒಂದು ಮಗುವಿನ ವರ್ಷ ಉಳಿದೀತು. ಕೊಡುವಾಗ ಇದು ಹುಡುಗಿಯದೆಂದು ಎಲ್ಲರೆದುರು ಹೇಳಿಯೇ ಕೊಡಿ. ಇಲ್ಲವಾದರೆ ಅದೂ ಹೊಲಕ್ಕೆ ಹೋದೀತು.

ನಾವು ಹಾಗೆಯೇ ಮಾಡಿದೆವು. ಭಾಗಾಕಾರವನ್ನು ಮಾತ್ರ ಫೋನು ಕಲಿಸಲಿಲ್ಲ. ಊರಿನ ಉಪಾಧ್ಯಾಯಿನಿಯೊಬ್ಬರು ಹತ್ತು ಸಂಜೆ ಅವಳ ಪಕ್ಕದಲ್ಲಿ ಕುಳಿತರು. ಪೆಟ್ಟಿಗೆ ಪಾಠವನ್ನು ಊರಿಗೆ ಮುಟ್ಟಿಸೀತು. ಮಗುವಿಗೆ ಮುಟ್ಟಿಸುವುದಕ್ಕೆ ಇನ್ನೂ ಮನುಷ್ಯರೇ ಬೇಕು. ಈಗ ನಾವು ಕೇಳಿದರೆ ಅವಳು 'ಹೂಂ' ಎಂದು ನಿಲ್ಲಿಸುವುದಿಲ್ಲ. ನಮಗೇ ಲೆಕ್ಕ ಕೊಟ್ಟು ಕಾಯುತ್ತಾಳೆ.