ಅರ್ಧ ಕಿಲೋದ ಕ್ಯಾಮೆರಾ

ನಿಪ್ಪಾಣಿಯಲ್ಲಿ ಬೆಳಕಿಗಿಂತ ಮೊದಲು ತಂಬಾಕಿನ ಘಾಟು ಬರುತ್ತದೆ. ಬಸ್ಸಿನ ಕಿಟಕಿ ಸರಿಸಿದ್ದೇ ತಡ, ಮೂಗು ಚುರುಗುಟ್ಟುತ್ತದೆ. ವಖಾರಿಯೊಳಗೆ ಕಾಲಿಟ್ಟರೆ ಹೆಂಚಿನ ಸಂದಿಯಿಂದ ಇಳಿದ ಬಿಸಿಲುಕೋಲುಗಳು ನೆಲದವರೆಗೆ ಊರಿಕೊಂಡಿರುತ್ತವೆ. ಅವುಗಳೊಳಗೆ ಕಂದು ಪುಡಿ ಏಳುತ್ತ ಇಳಿಯುತ್ತ ಇರುತ್ತದೆ. ಮೂಗು, ಬಾಯಿ ಮುಚ್ಚಿ ಸೆರಗು ಬಿಗಿದುಕೊಂಡ ಹೆಣ್ಣುಮಕ್ಕಳು ಸಾಲಾಗಿ ಕೂತು ಜರಡಿ ಆಡಿಸುತ್ತಾರೆ. ಮುಖದಲ್ಲಿ ಕಾಣುವುದು ಕಣ್ಣು ಮಾತ್ರ. ರೆಪ್ಪೆಯ ಮೇಲೂ ಪುಡಿ.

ನನ್ನ ಹಳೆಯ ಪುಟ್ಟ ಕ್ಯಾಮೆರಾ ಕೆಟ್ಟಿದ್ದು ಇಂಥದೇ ಒಂದು ಬಿಸಿಲುಕೋಲಿನ ಎದುರು. ಗುಂಡಿ ಒತ್ತಿದರೆ ಮೂತಿ ಹೊರಚಾಚುವ ಕ್ಯಾಮೆರಾ ಅದು. ಮೂತಿ ಒಳಗೆ ಹೋಗುವಾಗ ಪುಡಿಯನ್ನೂ ಎಳೆದುಕೊಂಡು ಹೋಯಿತು. ಆಮೇಲೆ ತೆಗೆದ ಪ್ರತಿ ಚಿತ್ರದಲ್ಲೂ ಬಲಗಡೆ ಮೇಲೆ ಸಾಸಿವೆ ಗಾತ್ರದ ಒಂದು ಬೂದು ಚುಕ್ಕೆ. ಕೃಷ್ಣೆಯ ಮೇಲಿನ ಆಕಾಶದಲ್ಲೂ ಅದೇ, ಚಿಕ್ಕೋಡಿಯ ಗುಡ್ಡದ ಮೇಲಿನ ಆಕಾಶದಲ್ಲೂ ಅದೇ.

ಅದಕ್ಕೂ ಮೊದಲು ನನ್ನ ಹೆಗಲಲ್ಲಿದ್ದದ್ದು ದೊಡ್ಡ ಕ್ಯಾಮೆರಾ, ಉದ್ದ ಲೆನ್ಸು. ಅದನ್ನು ಚೀಲದಿಂದ ತೆಗೆದರೆ ಸಾಕು, ಬೀಡಿ ಕಟ್ಟುವ ಓಣಿಯಲ್ಲಿ ಕತ್ತರಿಯ ಸಪ್ಪಳ ನಿಲ್ಲುತ್ತಿತ್ತು. ಕಟ್ಟೆಯ ಮೇಲೆ ಮೊರ ತೊಡೆಗಿಟ್ಟುಕೊಂಡು ಎಲೆ ಕತ್ತರಿಸುತ್ತಿದ್ದ ಮಾವಶಿ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮದುವೆ ಫೋಟೋಕ್ಕೆ ಕೂತಂತೆ ಕೂತುಬಿಡುತ್ತಿದ್ದರು. "ಯಾವ ಟೀವಿಯವ್ರರಿ?" ಅಂತ ಹಿಂದಿನಿಂದ ಒಂದು ದನಿ. ನಾನು ನೋಡಲು ಬಂದ ಕೆಲಸವೇ ನಿಂತುಹೋಗಿರುತ್ತಿತ್ತು.

ಇದೇ ಊರಿನ ತಂಬಾಕು ಕೆಲಸದ ಹೆಂಗಸರು ಕ್ಯಾಮೆರಾದ ಎದುರು ಎದೆತುಂಬಿ ಮಾತಾಡಿದ್ದೂ ಉಂಟು. 1982ರಲ್ಲಿ ಯುಗಾಂತರ್ ಎಂಬ ಮಹಿಳಾ ಚಿತ್ರತಂಡ ಅವರ ಹೋರಾಟದ ಮೇಲೆ 'ತಂಬಾಕೂ ಚಾಕೀಲಾ ಊಬ್ ಆಲೀ' ಎಂಬ ಸಾಕ್ಷ್ಯಚಿತ್ರ ಮಾಡಿತು. ದೀಪಾ ಧನರಾಜ್ ಆ ತಂಡದಲ್ಲಿದ್ದವರು; ಕ್ಯಾಮೆರಾ ಹಿಡಿದವರು ಮಣಿ ಕೌಲರ 'ದುವಿಧಾ' ಚಿತ್ರೀಕರಿಸಿದ್ದ ನವರೋಜ್ ಕಾಂಟ್ರಾಕ್ಟರ್. ಅವರ ಕೈಯಲ್ಲಿದ್ದದ್ದು ಸಣ್ಣ ಯಂತ್ರವೇನಲ್ಲ. ಆದರೆ ಅವರು ಆ ಹೆಂಗಸರ ನಡುವೆ ಕೂತು ಕೇಳಿಸಿಕೊಂಡವರು. ನನಗೆ ಅಷ್ಟು ದಿನ ಒಂದೇ ಕಡೆ ಕೂರುವ ಅವಕಾಶವಿಲ್ಲ. ಕೆಲಸದ ಮೇಲೆ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಹೀಗೆ ಐದೂ ತಾಲೂಕು ಬಸ್ಸಿನಲ್ಲಿ ಸುತ್ತುವವನು ನಾನು. ಹಾಗಾಗಿ ದಿನಾ ಜೊತೆಗಿರುವ, ಯಾರ ಕೈಕೆಲಸವನ್ನೂ ನಿಲ್ಲಿಸದ ಒಂದು ಕ್ಯಾಮೆರಾ ಬೇಕಾಗಿತ್ತು.

ಯಾಕೆ ಬೇಕು ಅಂತ ನನಗೆ ಖಚಿತವಾದದ್ದು 2019ರ ಆಗಸ್ಟಿನ ಮಹಾಪೂರದ ನಂತರ. ನೀರಿಳಿದ ಮೇಲೆ ರಾಯಬಾಗ ತಾಲೂಕಿನ ಹೊಳೆದಂಡೆಯ ಒಂದು ಮನೆಯವರು ಹಾಸಿಗೆ, ಜೋಳದ ಚೀಲಗಳ ಜೊತೆ ಮದುವೆ ಆಲ್ಬಮ್ಮುಗಳನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದರು. ಚಿತ್ರದ ಮೇಲಿನ ಜೆಲಟಿನ್ ಪದರ ನೀರು ಕುಡಿದು ಉಬ್ಬಿ, ಪ್ಲಾಸ್ಟಿಕ್ ಹಾಳೆಗೆ ಅಂಟಿ, ಬಿಡಿಸಿದರೆ ಮುಖವೇ ಕಿತ್ತು ಬರುತ್ತಿತ್ತು. ಮದುಮಗಳ ಹಸಿರು ಸೀರೆ ಉಳಿದಿತ್ತು, ಮದುಮಗಳು ಉಳಿದಿರಲಿಲ್ಲ. ಒಂದೇ ಒಂದು ಚಿತ್ರ ಬೋಗುಣಿಯ ನೀರಿನಲ್ಲಿ ನೆನೆಸಿಟ್ಟ ಮೇಲೆ ಸರಿಯಾಗಿ ಬಿಟ್ಟುಕೊಂಡಿತು. ಆಗ್ಫಾ ಕ್ಲಿಕ್‌ನಲ್ಲಿ ತೆಗೆದ ಕಪ್ಪು-ಬಿಳುಪಿನ ಚೌಕ ಚಿತ್ರ ಅದು. ಒಂದು ರೋಲಿಗೆ 12 ಚಿತ್ರವಷ್ಟೇ ಬರುತ್ತಿದ್ದ ಕಾಲದ್ದು. ಅಂಗಳದಲ್ಲಿ ಒಬ್ಬ ಅಜ್ಜಿ ಬೀಸುಕಲ್ಲು ತಿರುವುತ್ತಿದ್ದಾಳೆ, ಪಕ್ಕದಲ್ಲಿ ಕರು. ಮನೆಯವರೆಲ್ಲ ಅದರ ಸುತ್ತ ನೆರೆದರು. ಮದುವೆ, ಸೀಮಂತದ ಸಾಲು ಸಾಲು ಚಿತ್ರಗಳ ನಡುವೆ ಯಾರೋ ಸುಮ್ಮನೆ ಒಂದು ದಿನ ತೆಗೆದದ್ದು ಅದೊಂದೇ.

ಅಂಥ ಚಿತ್ರಗಳಿಗಾಗಿ ಒಂದು ಕ್ಯಾಮೆರಾ ಹುಡುಕತೊಡಗಿದೆ. ಮೊಬೈಲು ಸಾಲದೇ ಅಂತ ಕೇಳುವವರಿಗೆ ಮೇ ತಿಂಗಳ ಮಧ್ಯಾಹ್ನ ಕುಡಚಿಯ ಸೇತುವೆಯ ಮೇಲೆ ನಿಂತು ನೋಡಿ ಅನ್ನುತ್ತೇನೆ. ಬಿಸಿಲಿಗೆ ಪರದೆಯಲ್ಲಿ ಕಾಣುವುದು ನಮ್ಮ ಮುಖವೇ. ರಿಕೋ ಕಂಪನಿಯ ಜಿಆರ್ 3 ಮನಸ್ಸಿಗೆ ಬಹಳ ಹಿಡಿಸಿತ್ತು. ತೂಕ 257 ಗ್ರಾಂ, ಅಂಗಿಯ ಜೇಬಿಗೆ ಹಿಡಿಸುತ್ತದೆ, ಫೋಕಸ್ಸನ್ನು ಮೊದಲೇ ಇಷ್ಟು ದೂರಕ್ಕೆಂದು ಕಟ್ಟಿಡಬಹುದು. ಆದರೆ ಕಣ್ಣಿಟ್ಟು ನೋಡುವ ಕಿಂಡಿ ಅದರಲ್ಲಿಲ್ಲ, ಧೂಳು ತಡೆಯುವ ಬಂದೋಬಸ್ತೂ ಇಲ್ಲ. ಸೋನಿಯ ಆರ್‌ಎಕ್ಸ್100 ಮಾಲೆಯವುಗಳಲ್ಲಿ ದೂರದ್ದನ್ನು ಹತ್ತಿರ ತರುವ ಅನುಕೂಲವಿದೆ, ಮೂತಿ ಮಾತ್ರ ಹೊರಚಾಚುವಂಥದೇ. ಒಮ್ಮೆ ಕೈಸುಟ್ಟುಕೊಂಡವನಿಗೆ ಧೈರ್ಯ ಬರಲಿಲ್ಲ. ಕಾರ್ಖಾನೆಗಳ ಹಂಗಾಮು ಶುರುವಾದರೆ ಸಕ್ಕರೆಯ ಊರುಗಳಲ್ಲಿ ಬೂದಿಯೂ ಗಾಳಿಯಲ್ಲಿರುತ್ತದೆ.

ಕೊನೆಗೆ ತಂದದ್ದು ಯಾರೋ ಬಳಸಿ ಮಾರಿದ ಫ್ಯೂಜಿಫಿಲ್ಮ್ ಎಕ್ಸ್100ವಿ. 2020ರಲ್ಲಿ ಬಂದ ಮಾದರಿ. ತೂಕ 478 ಗ್ರಾಂ. ಅರ್ಧ ಕಿಲೋ ಬೆಲ್ಲದ ಪೆಂಟೆಗಿಂತ ತುಸು ಹಗುರ. ಅಂಗಿಯ ಜೇಬಿಗೆ ಭಾರ, ಜುಬ್ಬದ ಪಕ್ಕದ ಜೇಬಿಗೆ ಸರಿಯಾದ ತೂಕ. ಮುಂದೆ ಒಂದು ಉಂಗುರ, ಒಂದು ಫಿಲ್ಟರ್ ಕೂರಿಸಿದರೆ ಧೂಳಿಗೆ ದಾರಿ ಮುಚ್ಚುತ್ತದೆ. ಗಾಜಿನ ಕಿಂಡಿಗೆ ಕಣ್ಣಿಟ್ಟರೆ ಎಂಥ ಬಿಸಿಲಲ್ಲೂ ಎದುರಿಗಿದ್ದದ್ದು ಇದ್ದ ಹಾಗೇ ಕಾಣುತ್ತದೆ. ಲೆನ್ಸು ಒಂದೇ, ಹತ್ತಿರ ಎಳೆಯುವ ಆಟವಿಲ್ಲ. ಮುಖ ಬೇಕೆಂದರೆ ಮುಖದ ಹತ್ತಿರ ಹೋಗಬೇಕು, ಹೋದಮೇಲೆ ಮಾತಾಡಿಸಲೇಬೇಕು. ಈ ಕೊರತೆಯನ್ನು ನಾನು ಬೇಕೆಂದೇ ಆರಿಸಿಕೊಂಡೆ. ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಅದಕ್ಕೊಂದು ಚೀಲ ಹೊಲಿಸಿದ್ದೇನೆ.

ಜನ ಅದನ್ನು ಹಳೆಯ ಕಾಲದ್ದು ಅಂದುಕೊಳ್ಳುತ್ತಾರೆ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಮುದುಕರು ಕೈಗೆ ತೆಗೆದುಕೊಂಡು ತಿರುವಿ ನೋಡಿ, "ಇದಕ್ಕ ಇನ್ನೂ ರೀಲ್ ಸಿಗತಾವೇನ್ರಿ?" ಅಂತ ಕೇಳಿದರು. ಶಟರಿನ ಸಪ್ಪಳವೂ ಬಹಳ ಮೆಲ್ಲಗೆ. ಕಾಗವಾಡದ ಕಡೆ ಸಂಜೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಬರುವಾಗ ರಸ್ತೆ ಬದಿ ನಿಂತು ತೆಗೆಯುತ್ತೇನೆ. ಎತ್ತುಗಳ ಕಿವಿಯೂ ನಿಮಿರುವುದಿಲ್ಲ.

ಅತಿ ಹೆಚ್ಚು ಹೊತ್ತು ಕೂತದ್ದು ಅಥಣಿ ತಾಲೂಕಿನಲ್ಲಿ, ಚಪ್ಪಲಿ ಮಾಡುವವರ ಪಡಸಾಲೆಗಳಲ್ಲಿ. ಕೊಲ್ಹಾಪುರಿ ಅಂತ ಲೋಕವೆಲ್ಲ ಕರೆಯುವ ಚಪ್ಪಲಿ ಈ ಕಡೆಯೂ ತಯಾರಾಗುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. 2025ರ ಜೂನಿನಲ್ಲಿ ಮಿಲಾನ್‌ನ ವೇದಿಕೆಯ ಮೇಲೆ ಪ್ರಾಡಾ ಕಂಪನಿಯವರು ಇದೇ ಆಕಾರದ ಚಪ್ಪಲಿ ತೊಡಿಸಿ ನಡೆಸಿದಾಗ ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಪಾದಗಳ ಚಿತ್ರ. ಹೊಲಿದ ಕೈಗಳದಲ್ಲ.

ಆ ಕೈ ಇಲ್ಲಿದೆ. ಪಡಸಾಲೆಯೊಂದರಲ್ಲಿ ಚಪ್ಪಲಿ ಹೆಣೆಯುವ ಒಬ್ಬ ಅಕ್ಕ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾರೆ. ಹೆಬ್ಬೆರಳಿನ ಉಗುರು ಒಂದು ಕಡೆ ಸವೆದು ಹೋಗಿದೆ, ತೊಗಲಿನ ಬಣ್ಣ ಉಗುರಿನೊಳಗೇ ಇಳಿದಿದೆ. ಅಂಗೈಯಗಲದ ಪಟ್ಟಿಯ ಮೇಲೆ ನೂಲಿನಷ್ಟು ಸಣ್ಣಗೆ ಸೀಳಿದ ತೊಗಲಿನ ಎಳೆಗಳನ್ನು ಜಡೆ ಹೆಣೆದಂತೆ ಹೆಣೆಯುತ್ತಾರೆ. ಮೊಳೆ ಇಲ್ಲ, ಹೊಲಿಗೆಯೂ ತೊಗಲಿನದೇ. ಎಳೆ ಒಣಗಿದರೆ ತುಟಿಗೆ ತಾಗಿಸಿ ಒದ್ದೆ ಮಾಡಿ ಮತ್ತೆ ಎಳೆಯುತ್ತಾರೆ. ಗೇಣಿನಷ್ಟು ಹತ್ತಿರಕ್ಕೆ ಕ್ಯಾಮೆರಾ ಒಯ್ದೆ. ಅವರು ಕಣ್ಣೆತ್ತಿ ನೋಡಲಿಲ್ಲ. "ಬೆಳಕಿಗೆ ಅಡ್ಡ ಆಗಬ್ಯಾಡ್ರಿ ಅಣ್ಣಾರ" ಅಂದರು ಅಷ್ಟೇ. ನಾನು ಪಕ್ಕಕ್ಕೆ ಸರಿದು ಕೂತೆ.

ತೆಗೆದದ್ದನ್ನು ಕಾಗದದ ಮೇಲೆ ಮೂಡಿಸಿ ತಂದು ಕೊಡುವುದು ನಾನು ಮಾಡಿಕೊಂಡ ಕಟ್ಟಳೆ. ಎರಡು ವಾರ ಬಿಟ್ಟು ಆ ಪಡಸಾಲೆಗೆ ಹೋದೆ. ಅಕ್ಕ ಕೈ ಒರೆಸಿಕೊಂಡು ಚಿತ್ರ ತೆಗೆದುಕೊಂಡರು. ಮುಖದ ಮೇಲೆ ಕಣ್ಣು ಹಾಯಿಸಲೇ ಇಲ್ಲ. ಬಾಗಿಲ ಬೆಳಕಿಗೆ ಹಿಡಿದು, ಹೆಣಿಗೆಯ ಮೇಲೆ ಬೆರಳಿಟ್ಟು ಎಣಿಸಿದರು.

"ಇಲ್ಲಿ ನೋಡ್ರಿ, ಒಂದ್ ಎಳಿ ತಪ್ಪೇತಿ" ಅಂದರು.

ಮೂಲೆಯ ರಾಶಿಯಿಂದ ಒಂದು ಹೊಸ ಪಟ್ಟಿ ಎಳೆದುಕೊಂಡು, ಎಳೆಯ ತುದಿಯನ್ನು ತುಟಿಗೆ ತಾಗಿಸಿದರು. "ಈಗ ತಗೀರಿ."