ಎಂಜಿನ್ನಿಗೆ ನೀರು ಹೊಕ್ಕರೆ?

ಹಾಯಿದೋಣಿಗೆ ಗಾಳಿಯೇ ಬಲ. ಆದರೂ ಗಾಳಿ ನಿಂತಾಗ, ದಡ ಸೇರುವಾಗ ಬೇಕೆಂದು ಹಲವು ದೋಣಿಗಳಲ್ಲಿ ಪುಟ್ಟ ಡೀಸೆಲ್ ಎಂಜಿನ್ ಇರುತ್ತದೆ. ಹಳೆಯ ಎಂಜಿನ್ ಹಠ ಹಿಡಿದರೆ ಸ್ಟಾರ್ಟರ್ ಒತ್ತುತ್ತಲೇ ಇರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿ!

ಯಾಕೆ ಗೊತ್ತಾ? ಎಂಜಿನ್ ತಿರುಗಿದಾಗಲೆಲ್ಲ ಪಂಪು ಸಮುದ್ರದ ನೀರನ್ನೆಳೆದು, ಎಂಜಿನ್ನನ್ನು ತಂಪು ಮಾಡಿ, ಸೈಲೆನ್ಸರಿಗೆ ಬಿಡುತ್ತದೆ. ಎಂಜಿನ್ ಓಡುತ್ತಿದ್ದರೆ ಹೊಗೆಯೇ ಆ ನೀರನ್ನು ಹೊರಗೆ ತಳ್ಳುತ್ತದೆ. ಓಡದಿದ್ದರೆ ನೀರು ಅಲ್ಲೇ ತುಂಬಿ, ಹಿಂದಕ್ಕೆ ಬಂದು ಸಿಲಿಂಡರಿಗೆ ಇಳಿಯಬಹುದು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಪಿಸ್ಟನ್ ಗಾಳಿಯನ್ನು ಸುಮಾರು 20ರಲ್ಲಿ 1 ಪಾಲಿಗೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಎಂದೇ ಹೇಳಬಹುದು. ಸೂಜಿಯಿಲ್ಲದ ಹೊಸ ಸಿರಿಂಜಿನ ಬಾಯಿ ಮುಚ್ಚಿ ಒತ್ತಿ ನೋಡಿ, ಮೊದಲು ಗಾಳಿ ತುಂಬಿ, ಆಮೇಲೆ ನೀರು ತುಂಬಿ. ಸಿಲಿಂಡರಿನಲ್ಲೂ ಅಷ್ಟೇ. ಬಲವಂತ ಮಾಡಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗೀತು.

ಅದಕ್ಕೇ ತಿಳಿದ ಮೆಕ್ಯಾನಿಕ್ ಸ್ಟಾರ್ಟರ್ ಮುಟ್ಟುವುದಿಲ್ಲ. ಮೊದಲು ಸಮುದ್ರದ ನೀರಿನ ವಾಲ್ವ್ ಮುಚ್ಚಿ, ಸೈಲೆನ್ಸರಿನ ನೀರು ಬಸಿಯುತ್ತಾನೆ. ಇಂಜೆಕ್ಟರ್ ಬಿಚ್ಚಿ ಎಂಜಿನ್ನನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರೆ ಆ ತೂತಿನಿಂದ ನೀರು ಹೊರಬರುತ್ತದೆ. ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಅದರಲ್ಲೂ ನೀರು ಬೆರೆತಿದೆ. ಬಿಳಿಚು ಹೋಗುವ ತನಕ ಬದಲಿಸಬೇಕು. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಉಪ್ಪುನೀರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.